ಬೋರ್ಡೋ, ಚೊಗರು, ಮಳೆ: ತೋಟದ ಕೆಲಸಕ್ಕೊಂದು ಡೈವ್ ವಾಚು

ಸಮುದ್ರದಲ್ಲಿ ಮುಳುಗುವವರ ವಾಚು ಅಡಿಕೆ ತೋಟದವನಿಗೆ ಯಾಕೆ ಎಂದು ಕೇಳುವವರು ಒಂದು ಮಳೆಗಾಲ ತೀರ್ಥಹಳ್ಳಿ ಕಡೆ ಬಂದು ಇದ್ದು ನೋಡಬೇಕು. ಏನು ಹೊದ್ದರೂ ಮುಂಗೈ ಒಣಗುವುದಿಲ್ಲ. ಅದರ ಮೇಲೆ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿ: ಮೈಲುತುತ್ತ, ಸುಣ್ಣ ತಲಾ ಒಂದು ಕೆಜಿ, 100 ಲೀಟರ್ ನೀರು. ಉದ್ದನೆಯ ದೋಟಿ ಎತ್ತಿ ಅಡಿಕೆ ಗೊನೆಗೆ ಹೊಡೆದರೆ ಅರ್ಧ ನಮ್ಮ ಮೇಲೆಯೇ ಇಳಿಯುತ್ತದೆ. ಅಪ್ಪಯ್ಯನ ಎಚ್‌ಎಂಟಿ ಜನತಾ ಒಳ್ಳೆಯ ವಾಚೇ, ಆದರೆ ಅದು ಪೇಟೆಗೆ ಹೋಗುವಾಗಿನದು. ತೋಟಕ್ಕೆ ಇಳಿಯುವ ಮೊದಲು ಬಿಚ್ಚಿ ಗೂಡಿನಲ್ಲಿಡುತ್ತಿದ್ದರು.

ನಾನು ತೆಗೆದುಕೊಂಡಿದ್ದು ಜಪಾನಿನ ಓರಿಯಂಟ್ ಕಂಪನಿಯ ಕಮಾಸು ಎಂಬ ಡೈವ್ ವಾಚು. ಕಾರ್ಬನ್ ಫೈಬರ್ ದೋಟಿಯ ಅರ್ಧ ಬೆಲೆಯೂ ಆಗಲಿಲ್ಲ. ನೀರು ತಡೆಯುವುದು 200 ಮೀಟರ್ ಎಂದು ಬರೆದಿದೆ, ಗಾಜು ಸುಲಭಕ್ಕೆ ಗೀರು ಬೀಳದ ಸಫೈರ್. ಸೆಲ್ ಇಲ್ಲ, ಕೈ ಆಡಿದಂತೆ ಒಳಗಿನ ರೋಟರ್ ತಿರುಗಿ ಕೀ ತುಂಬುತ್ತದೆ, ಬಿಚ್ಚಿಟ್ಟರೆ ಸುಮಾರು 40 ಗಂಟೆ ನಡೆಯುತ್ತದೆ. ದಿನಕ್ಕೆ 25 ಸೆಕೆಂಡು ಮುಂದೆ ಅಥವಾ 15 ಸೆಕೆಂಡು ಹಿಂದೆ ಹೋಗಬಹುದು ಎಂದು ಕಂಪನಿಯೇ ಹೇಳುತ್ತದೆ. ಅಗ್ಗದ ಸೆಲ್ ವಾಚೂ ಇದಕ್ಕಿಂತ ಸರಿಯಾದ ಟೈಮ್ ತೋರಿಸುತ್ತದೆ. ಇರಲಿ, ನಮ್ಮೂರ ಬಸ್ಸು ಯಾವತ್ತು ಸೆಕೆಂಡು ನೋಡಿ ಬಂದಿದೆ?

ಮಲೆನಾಡಲ್ಲಿ ಇಂಥ ವಾಚು ಉಳಿಯುವುದು, ಹಾಳಾಗುವುದು ಎರಡೂ ಟೈಮ್ ಸರಿಮಾಡುವ ಪಕ್ಕದ ತಿರುಪಿನ ಮೇಲೆ ನಿಂತಿದೆ. ಇದರ ತಿರುಪು ಸ್ಕ್ರೂ ಇದ್ದಂತೆ ಒಳಗೆ ಕೂರುತ್ತದೆ. ಮುಚ್ಚುವಾಗ ಮೊದಲು ಹಗುರವಾಗಿ ಒತ್ತಿ ಉಲ್ಟಾ ತಿರುಗಿಸುತ್ತೇನೆ. ಸ್ಕ್ರೂವಿನ ಮರೆ ಸರಿಯಾಗಿ ಕೂತ ಜಾಗದಲ್ಲಿ ಬೆರಳಿಗೆ ಸಣ್ಣಗೆ ಟಕ್ ಅನ್ನುವುದು ಗೊತ್ತಾಗುತ್ತದೆ. ಆಮೇಲೆ ಮುಂದಕ್ಕೆ ತಿರುಗಿಸಿದರೆ ಬೆಣ್ಣೆಯಂತೆ ಹೋಗುತ್ತದೆ. ಬಿಗಿ ಹಿಡಿದರೆ ಒತ್ತಾಯ ಮಾಡುವುದಿಲ್ಲ, ಬಿಚ್ಚಿ ಮತ್ತೆ ಶುರು. ಔಷಧಿ ಹೊಡೆದ ದಿನ ಬೆಜೆಲ್, ಅಂದರೆ ಗಾಜಿನ ಸುತ್ತ ತಿರುಗುವ ಬಳೆಯ ಸಂದಿಯಲ್ಲಿ ನೀಲಿ ಪುಡಿ ಒಣಗಿ ಕೂತಿರುತ್ತದೆ. ತಿರುಪು ಮುಚ್ಚಿಕೊಂಡೇ ನಲ್ಲಿಯ ಕೆಳಗೆ ಹಿಡಿದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಬೆಜೆಲ್ ಒಂದು ಸುತ್ತು ತಿರುಗಿಸುತ್ತೇನೆ. ಟೈಮ್ ಸರಿಮಾಡುವುದು ಮನೆಯೊಳಗೆ, ಕೈ ಒರೆಸಿಕೊಂಡ ಮೇಲೆಯೇ.

ನೀರು ಒಳಗೆ ಹೋಗಿದೆಯೇ ಎಂಬ ಅನುಮಾನ ಬಂದರೆ ವಾಚನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡು ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿಡಿ, ಒಂದು ನಿಮಿಷ ಬಿಟ್ಟು ಒರೆಸಿ. ಒಳಬದಿಯಲ್ಲಿ ಮಂಜು ನಿಂತರೆ ತೇವ ಸೇರಿದೆ ಎಂದೇ ಅರ್ಥ. ಬಚ್ಚಲಿಗೆ ಮಾತ್ರ ಹಾಕಿಕೊಂಡು ಹೋಗುವುದಿಲ್ಲ. ನಮ್ಮ ಹಂಡೆ ನೀರಿನ ಬಿಸಿ, ಹಬೆ ಎರಡೂ ರಬ್ಬರ್ ವಾಷರ್‌ಗೆ ಆಗಿಬರುವುದಿಲ್ಲ.

ಚರ್ಮದ ಬೆಲ್ಟಿಗೆ ಆಷಾಢದಲ್ಲಿ ಬೂಷ್ಟು ಬಂದೇ ಬರುತ್ತದೆ. ನನ್ನದು ನೈಲಾನ್ ಪಟ್ಟಿ. ಅಡಿಕೆ ಸುಲಿಯುವಾಗ ಅದರ ಚೊಗರು ರಸ ತಾಗಿ ಕಪ್ಪಾಗಿದೆ, ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಬೆಜೆಲ್ ಶೋಕಿಗೆ ಎಂದುಕೊಂಡಿದ್ದೆ, ಈಗ ಹೆಚ್ಚು ಬಳಸುವುದು ಅದನ್ನೇ. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟು ಬಂದ ಕೂಡಲೇ ಪಂಪು ಹಾಕಿ, ಬೆಜೆಲ್ಲಿನ ಗುರುತನ್ನು ನಿಮಿಷದ ಮುಳ್ಳಿಗೆ ತಂದು ನಿಲ್ಲಿಸಿದರೆ ಎಷ್ಟು ನಿಮಿಷ ಆಯಿತೆಂದು ಅದೇ ತೋರಿಸುತ್ತದೆ, ಯಾವ ವಾಲ್ವ್ ಯಾವಾಗ ಬದಲಿಸಬೇಕೆಂದು ತಲೆಯಲ್ಲಿ ಇಟ್ಟುಕೊಳ್ಳಬೇಕಿಲ್ಲ. ರಾತ್ರಿ ಆದರೆ ಕತ್ತಲಲ್ಲಿ ಹೊಳೆಯುವ ಚುಕ್ಕೆ ಇದೆ.

ಕಳೆ ಹೊಡೆಯುವ ಮೆಷಿನ್ ಹಿಡಿದಾಗ ಮಾತ್ರ ಬಿಚ್ಚಿ ಜೇಬಿಗೆ. ಮಳೆ ತಡೆಯುವ ವಾಚು ಗಂಟೆಗಟ್ಟಲೆ ಆ ಅದುರನ್ನು ತಡೆಯಬೇಕೆಂದಿಲ್ಲ. ಇನ್ನು, ರಿಪೇರಿಗೆ ಶಿವಮೊಗ್ಗಕ್ಕೆ ಒಯ್ದರೆ ಹಿಂಬದಿ ಮುಚ್ಚಳ ತೆಗೆದ ಮೇಲೆ ಹೊಸ ವಾಷರ್ ಹಾಕಿ ಒತ್ತಡದ ಪರೀಕ್ಷೆ ಮಾಡುತ್ತೀರಾ ಎಂದು ಮೊದಲೇ ಕೇಳಿಕೊಳ್ಳಿ. ಇಲ್ಲ ಎಂದರೆ ತೆರೆಯಲು ಕೊಡಬೇಡಿ.