ಬಾಯ್ಲರ್ ಕೆಳಗಿನ ಕಿಲುಬು

ಇಂಗ್ಲೆಂಡಿಗೆ ಹೊಸದಾಗಿ ಬಂದವರು ನನ್ನ ಹತ್ತಿರ ಬ್ಯಾಂಕ್ ಖಾತೆ, ಜಿಪಿ ಅಂದರೆ ಸ್ಥಳೀಯ ಡಾಕ್ಟರ ಹತ್ತಿರ ನೋಂದಣಿ, ಕೌನ್ಸಿಲ್ ಟ್ಯಾಕ್ಸ್ ಬಗ್ಗೆ ಕೇಳುತ್ತಾರೆ. ಅವೆಲ್ಲ ಕೂತು ಫಾರ್ಮ್ ತುಂಬಿದರೆ ಮುಗಿಯುತ್ತವೆ. ಬಾಯ್ಲರ್ ಬಗ್ಗೆ ಯಾರೂ ಕೇಳುವುದಿಲ್ಲ. ನಾನಾಗೇ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಚೆನ್ನಾಗಿ ಪೆಟ್ಟು ತಿಂದಿದ್ದೇನೆ.

ಮನೆ ಕೊಂಡ ಎರಡನೇ ಚಳಿಗಾಲ. ನಮ್ಮದು ಅಡುಗೆಮನೆ ಗೋಡೆಗೆ ತಗುಲಿಸಿದ ಕಾಂಬಿ ಬಾಯ್ಲರ್, ನಲ್ಲಿಯ ನೀರನ್ನೂ ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳ ನೀರನ್ನೂ ಒಂದೇ ಪೆಟ್ಟಿಗೆ ಕಾಯಿಸುತ್ತದೆ. ಅದರ ಕೆಳಗೆ ಐದು ಪೈಪ್: ಗ್ಯಾಸಿನದು, ತಣ್ಣೀರಿನದು, ನಲ್ಲಿಗೆ ಹೋಗುವ ಬಿಸಿನೀರಿನದು, ರೇಡಿಯೇಟರ್‌ಗಳಿಗೆ ಹೋಗುವುದು, ಅಲ್ಲಿಂದ ವಾಪಸ್ ಬರುವುದು. ಒಂದೊಂದಕ್ಕೂ ಒಂದು ಪುಟ್ಟ ಐಸೊಲೇಶನ್ ವಾಲ್ವ್, ಅಂದರೆ ಆ ಪೈಪೊಂದನ್ನೇ ಮುಚ್ಚುವ ತಿರುಪು. ವಾಪಸ್ ಬರುವ ಪೈಪಿನ ವಾಲ್ವಿಗೆ ಹಸಿರು ಕಿಲುಬು ಕಟ್ಟಿತ್ತು. ಕಿಲುಬು ಕಂಡರೆ ಸುಮ್ನಿರುವ ಕೈಯೇ ನಮ್ಮದು? ಹುಣಸೆಹಣ್ಣು ನೆನೆಸಿ ತಿಕ್ಕಿದೆ. ಹಿತ್ತಾಳೆ ಫಳಫಳ ಹೊಳೆಯಿತು. ಮಾರನೇ ದಿನದಿಂದ ಹನಿ ಶುರು. ಒಳಗಿಂದ ನೀರು ಜಿನುಗಿ ಜಿನುಗಿಯೇ ಆ ಕಿಲುಬು ಬಂದಿತ್ತು, ಅದೇ ಗಟ್ಟಿಯಾಗಿ ಬಿರಡೆಯ ಹಾಗೆ ಕೂತಿತ್ತು. ನಾನು ಬಿರಡೆ ಕಿತ್ತಿದ್ದೆ.

ಕೆಳಗೆ ಐಸ್‌ಕ್ರೀಮ್ ಡಬ್ಬಿ ಇಟ್ಟೆ. ಪ್ರೆಶರ್ ಮುಳ್ಳು 1 ಬಾರ್‌ಗಿಂತ ಕೆಳಗಿಳಿದಾಗೆಲ್ಲ ಮೇನ್ ನೀರನ್ನು ಸಿಸ್ಟಂ ಒಳಗೆ ಬಿಡುವ ಫಿಲ್ಲಿಂಗ್ ಲೂಪ್ ತಿರುಗಿಸಿ ನೀರು ತುಂಬಿದೆ. ಎರಡು ತಿಂಗಳು ಹೀಗೇ, ಗಿಡಕ್ಕೆ ನೀರು ಹಾಕಿದಂತೆ. ಹುಣಸೆಹಣ್ಣಿಗಿಂತ ದೊಡ್ಡ ತಪ್ಪು ಇದು. ರೇಡಿಯೇಟರ್‌ಗಳಲ್ಲಿ ಸುತ್ತುವುದು ಅದೇ ಹಳೇ ನೀರು. ತುಕ್ಕು ಹಿಡಿಯದಿರಲಿ ಅಂತ ಅದಕ್ಕೆ ಇನ್‌ಹಿಬಿಟರ್ ಬೆರೆಸಿರುತ್ತಾರೆ. ಹೊಸ ನೀರು ತುಂಬಿದಷ್ಟೂ ಅದು ತೆಳುವಾಗುತ್ತದೆ. ಹೊಸ ನೀರಿನ ಜೊತೆ ಬರುವ ಆಮ್ಲಜನಕ ರೇಡಿಯೇಟರನ್ನು ಒಳಗಿಂದ ತಿನ್ನುತ್ತದೆ. ಹನಿ ಚಿಕ್ಕದೇ ಇತ್ತು, ಅದನ್ನು ಸಾಕಿ ದೊಡ್ಡದು ಮಾಡಿದವಳು ನಾನು.

ಆಮೇಲೆ ಒಂದು ಶನಿವಾರ ಸ್ಕ್ರೂಡ್ರೈವರ್ ಹಿಡಿದೆ. ವಾಲ್ವಿನ ನಡುವೆ ಒಂದು ಗೀರು ಇರುತ್ತದೆ. ಅದು ಪೈಪಿನ ಉದ್ದಕ್ಕಿದ್ದರೆ ವಾಲ್ವ್ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಬರೀ ಕಾಲು ಸುತ್ತು. ಬಿಗಿ ಮಾಡಿದರೆ ನಿಲ್ಲಬಹುದು ಅಂತ ತಿರುಗಿಸಿದೆ. ವರ್ಷಗಟ್ಟಲೆ ಅಲ್ಲಾಡದ ವಾಲ್ವು, ಒಳಗಿನ ರಬ್ಬರ್ ಉಂಗುರ ಒಣಗಿ ಹೋಗಿತ್ತು. ಹನಿ ಹೋಗಿ ಧಾರೆಯಾಯಿತು. ಓಡಿ ಸಿಂಕ್ ಕೆಳಗಿನ ಸ್ಟಾಪ್‌ಕಾಕ್, ಅಂದರೆ ಮನೆಗೆ ಬರುವ ಮೇನ್ ನೀರಿನ ವಾಲ್ವ್ ಮುಚ್ಚಿದೆ. ನಿಲ್ಲಲಿಲ್ಲ! ಫಿಲ್ಲಿಂಗ್ ಲೂಪ್ ಮುಚ್ಚಿದ್ದಾಗ ರೇಡಿಯೇಟರ್ ನೀರಿಗೂ ಮೇನ್ ನೀರಿಗೂ ಸಂಬಂಧವೇ ಇಲ್ಲ ಅಂತ ಆವತ್ತು ತಿಳಿಯಿತು. ಡಿಕಾಕ್ಷನ್ ಬಣ್ಣದ ನೀರು, ಮನೆಯ ಟವೆಲ್ಲೆಲ್ಲ ನೆಲದ ಮೇಲೆ. ನಮ್ಮನೆಯವರು ಬಂದು ನೋಡಿ ಏನೂ ಮಾತಾಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಬಂದ ಎಂಜಿನಿಯರ್ ಕೇಳಿದ ಮೊದಲ ಪ್ರಶ್ನೆ, "ಇದನ್ನ ಯಾರು ತಿರುಗಿಸಿದ್ದು?" ನಾನು ಟೀ ಮಾಡಲು ಹೋದೆ.

ಅವನ ಕೆಲಸ ನಿಂತು ನೋಡಿದೆ. ಸೋರುವ ವಾಲ್ವನ್ನೇ ಬಿಚ್ಚಬೇಕಾದಾಗ ನೀರನ್ನು ತಡೆಯಲು ಬೇರೇನೂ ಇರುವುದಿಲ್ಲ, ಮೊದಲು ಸಿಸ್ಟಂ ಬರಿದು ಮಾಡಲೇಬೇಕು. ತೀರಾ ಕೆಳಗಿನ ಡ್ರೇನ್ ಕಾಕ್‌ಗೆ ಪೈಪ್ ಸಿಕ್ಕಿಸಿ ನೀರನ್ನು ಹೊರಗಿನ ಮೋರಿಗೆ ಬಿಟ್ಟ. ಕೈಯಲ್ಲಿ ಎರಡು ಸ್ಪ್ಯಾನರ್: ಒಂದು ಹಿಡಿಯಲು, ಒಂದು ತಿರುಗಿಸಲು. ಇಲ್ಲದಿದ್ದರೆ ತಾಮ್ರದ ಪೈಪೇ ತಿರುಚಿಕೊಳ್ಳುತ್ತದೆ. ರೇಡಿಯೇಟರ್‌ಗಳಿಗೆ ಹೋಗುವ ವಾಲ್ವಿಗೂ ಅಷ್ಟೇ ವಯಸ್ಸು ಅಂತ ಎರಡನ್ನೂ ಬದಲಿಸಿದ, ಹೊಸ ಫೈಬರ್ ವಾಷರ್ ಹಾಕಿದ. ಮತ್ತೆ ನೀರು, ಇನ್‌ಹಿಬಿಟರ್, ಒಂದೊಂದೇ ರೇಡಿಯೇಟರಿನ ಗಾಳಿ ತೆಗೆಯುವುದು. ತಣ್ಣಗಿದ್ದಾಗ ಮುಳ್ಳು 1 ರಿಂದ 1.5 ರ ನಡುವೆ ನಿಲ್ಲಬೇಕು. ಕೊನೆಗೆ ಒಣ ಟಿಶ್ಯೂ ಸುತ್ತಿ ನೋಡಿದ, ಹೀಟಿಂಗ್ ಹಾಕಿ ಬಿಸಿಯಾದ ಮೇಲೆ ಇನ್ನೊಂದು ಸಲ.

ಬಾಡಿಗೆ ಮನೆಯಾದರೆ ನೀವು ಏನೂ ಮುಟ್ಟಬೇಡಿ, ರಿಪೇರಿ ಮನೆ ಮಾಲೀಕರ ಜವಾಬ್ದಾರಿ. ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆಯನ್ನೂ ಅವರೇ ಮಾಡಿಸಬೇಕು. ಸ್ವಂತ ಮನೆಯಾದರೂ ಗ್ಯಾಸ್ ಪೈಪು, ಬಾಯ್ಲರ್ ಮುಚ್ಚಳ ನಮ್ಮದಲ್ಲ. ಬಂದವರ ಗ್ಯಾಸ್ ಸೇಫ್ ಕಾರ್ಡ್, ಅಂದರೆ ನೋಂದಾಯಿತ ಗ್ಯಾಸ್ ಎಂಜಿನಿಯರ್‌ನ ಗುರುತಿನ ಚೀಟಿ ಕೇಳಿ, ಹಿಂಭಾಗ ತಿರುಗಿಸಿ ನೋಡಿ. ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಅಲ್ಲಿರುತ್ತದೆ. ಕಾರ್ಡ್ ಕೇಳಿದರೆ ಅವಮಾನ ಆಗುತ್ತೇನೋ ಅನ್ನುವ ದಾಕ್ಷಿಣ್ಯ ನಮ್ಮವರಿಗೆ ಜಾಸ್ತಿ, ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಊರಲ್ಲಿ ಅಮ್ಮ ಪಡಸಾಲೆಯಲ್ಲಿ ಕೂತೇ ಬಚ್ಚಲ ಹಂಡೆಯ ಸದ್ದು ಕೇಳಿ ನೀರು ಕಾದಿದೆ ಅನ್ನುತ್ತಿದ್ದಳು. ನನಗೆ ಈ ಮನೆಯ ಸದ್ದು ತಿಳಿಯಲು ಇಷ್ಟು ವರ್ಷ ಬೇಕಾಯಿತು. ರಾತ್ರಿ ಪೈಪು ಟಕ್ ಅಂದರೆ ಈಗ ಎದ್ದು ಕೂರುವುದಿಲ್ಲ, ಬಿಸಿ ಆರುತ್ತಿದೆ ಅಂತ ಮಗ್ಗುಲು ಬದಲಿಸುತ್ತೇನೆ.

ಆವತ್ತು ಮಗಳು ಕೇಳಿದಳು, ಕಿಲುಬು ಅಂದರೇನಮ್ಮಾ ಅಂತ. ತೋರಿಸೋಣ ಅಂದರೆ ಮನೆಯಲ್ಲಿ ಒಂದು ತಾಮ್ರದ ಚೊಂಬೂ ಇಲ್ಲ, ಎಲ್ಲ ಸ್ಟೀಲು. ಬಿಚ್ಚಿ ಹಾಕಿದ ಹಳೇ ವಾಲ್ವನ್ನೇ ಅವಳ ಕೈಗಿಟ್ಟೆ. ಕಳೆದ ತಿಂಗಳು ಮಹಡಿಯಿಂದ ಕೂಗಿದಳು, "ಅಮ್ಮಾ, ನನ್ನ ರೂಮಿನ ರೇಡಿಯೇಟರಿಗೆ ಕಿಲುಬು ಬಂದಿದೆ!" ಹುಣಸೆಹಣ್ಣಿನ ಡಬ್ಬಿ ಮುಟ್ಟದೆ ನೇರ ಫೋನ್ ತೆಗೆದೆ.