ಬಚ್ಚಲ ಗೋಡೆಯ ಕಂದು ಕಲೆ

ಧಾರವಾಡದ ನಮ್ಮ ಮನೆಯಲ್ಲಿ ಬಚ್ಚಲಿನ ಹೊರಗೋಡೆಗೆ ಗೀಸರ್‌ಗೆಂದು ಹಾಕಿಸಿದ ಪ್ಲಗ್ ಪಾಯಿಂಟಿನ ಒಂದು ತೂತಿನ ಸುತ್ತ, ಒಂದು ಮಳೆಗಾಲದಲ್ಲಿ, ಚಹಾ ಚೆಲ್ಲಿದಂತಹ ಕಂದು ಕಲೆ ಕಾಣಿಸಿಕೊಂಡಿತು. ಒರೆಸಿದರೆ ಹೋಗಲಿಲ್ಲ. ಎರಡು ದಿನಗಳ ನಂತರ ಕೊಳೆತ ಮೀನಿನಂತಹ ವಾಸನೆ ಬರತೊಡಗಿತು. ಮೀನನ್ನೇ ತಾರದ ಮನೆಯಲ್ಲಿ ಇದೆಲ್ಲಿಯ ವಾಸನೆ ಎಂದು ಸೊಸೆ ಮೋರಿಯನ್ನೆಲ್ಲ ತೊಳೆಸಿದಳು. ಕೊನೆಗೆ ವೈರಿಂಗ್ ಮಾಡುವ ಹುಡುಗನನ್ನು ಕರೆಸಿದೆವು. ಅವನು ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿ, ಕರಕಲಾದ ತಂತಿಯ ತುದಿಯನ್ನು ತೋರಿಸಿ, “ಸ್ಕ್ರೂ ಸಡ್ಲ ಆಗೇತ್ರೀ ಅಜ್ಜಾರ, ವಾಸನಿ ಬಂದದ್ದ ಚಲೋ ಆತು” ಎಂದನು. ಕಾದು ಸುಡುತ್ತಿದ್ದ ಪ್ಲಾಸ್ಟಿಕ್ಕಿನ ವಾಸನೆ ಅದಾಗಿತ್ತು.

ಎಂಸಿಬಿ, ಅಂದರೆ ಅಪಾಯವಾದಾಗ ತಾನೇ ಆಫ್ ಆಗುವ ಸ್ವಿಚ್, ಇದ್ದೂ ಅದೇಕೆ ಬೀಳಲಿಲ್ಲವೆಂದು ಹಲವರು ಕೇಳಿದರು. ಎಂಸಿಬಿ ಬೀಳುವುದು ಮಿತಿಗಿಂತ ಹೆಚ್ಚು ಕರೆಂಟ್ ಹರಿದಾಗ ಮಾತ್ರ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಸ್ಕ್ರೂ ಸಡಿಲವಾದರೂ ಆ ಲೆಕ್ಕ ಹೆಚ್ಚುವುದಿಲ್ಲ, ಆದರೆ ತಂತಿ ಮತ್ತು ಸ್ಕ್ರೂ ಸರಿಯಾಗಿ ಕಚ್ಚಿಕೊಳ್ಳದ ಆ ಒಂದೇ ಜಾಗದಲ್ಲಿ ಶಾಖ ಕೂಡುತ್ತ ಹೋಗುತ್ತದೆ. ಆದ್ದರಿಂದ ಈ ದೋಷವನ್ನು ನಾವೇ ಪತ್ತೆ ಹಚ್ಚಬೇಕು.

ಗೀಸರ್, ಇಸ್ತ್ರಿ, ಮೋಟರ್ ಇವುಗಳಲ್ಲಿ ಯಾವುದಾದರೂ ಇಪ್ಪತ್ತು ನಿಮಿಷ ನಡೆದ ಮೇಲೆ, ಅದರ ಬೋರ್ಡಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಒಣಗಿದ ಕೈಯ ಹಿಂಬದಿಯನ್ನು ತಾಗಿಸಿ ನೋಡಿರಿ. ಲೋಹದ ಪೆಟ್ಟಿಗೆಯನ್ನಾಗಲೀ ಒದ್ದೆಯಾದ ಬೋರ್ಡನ್ನಾಗಲೀ ಮುಟ್ಟಬಾರದು. ತುಸು ಬೆಚ್ಚಗಿರುವುದು ಸಹಜ, ಆದರೆ ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಅಂದಿನಿಂದಲೇ ಅದನ್ನು ಬಳಸಬಾರದು. ರಾತ್ರಿ ಮನೆ ಶಾಂತವಾದಾಗ ಬೋರ್ಡಿನಿಂದ ಚಟಚಟ ಸದ್ದು ಕೇಳಿಸುವುದೂ, ಸ್ವಿಚ್ಚನ್ನು ತುಸು ಅದುಮಿದರೆ ಮಾತ್ರ ಫ್ಯಾನ್ ತಿರುಗುವುದೂ ಇದೇ ರೋಗದ ಲಕ್ಷಣಗಳು. ಮಿಕ್ಸರ್ ಹಚ್ಚಿದಾಗ ಕೆಲವು ದೀಪಗಳು ಮಂಕಾಗಿ, ಕೆಲವು ಅತಿಯಾಗಿ ಬೆಳಗಿದರೆ ನ್ಯೂಟ್ರಲ್, ಅಂದರೆ ಕರೆಂಟ್ ಮರಳುವ ತಂತಿ, ಸಡಿಲಾಗಿರುವ ಸಂಶಯ ಬಲವಾಗುತ್ತದೆ. ಕೂಡಲೇ ಮೇನ್ ಆಫ್ ಮಾಡಿ ನಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ತಿಳಿಸುವುದು ಒಳ್ಳೆಯದು, ಏಕೆಂದರೆ ಆ ತೊಡಕು ಮನೆಯೊಳಗಿರದೆ ಕಂಬದ ಮೇಲೂ ಇರಬಹುದು.

ಕರೆಂಟ್ ಸೋರುವಿಕೆಗೆ ಬೇರೆ ಪರೀಕ್ಷೆಯಿದೆ. ಎಲ್ಲ ಪ್ಲಗ್ ಕಿತ್ತು, ದೀಪ ಆರಿಸಿ, ಇನ್ವರ್ಟರ್ ಬಿಡಿಸಿ, ಮೇನ್ ಮತ್ತು ಎಂಸಿಬಿಗಳನ್ನು ಆನ್ ಇಟ್ಟು, ಮೀಟರಿನ ಮಿನುಗು ದೀಪವನ್ನು ಹತ್ತು ನಿಮಿಷ ಗಮನಿಸಿರಿ. ಅದು ಮಿನುಗುತ್ತಿದ್ದರೆ ಎಲ್ಲಿಯೋ ಸೋರುತ್ತಿದೆ ಅಥವಾ ಮರೆತ ಉಪಕರಣವೊಂದು ಉಳಿದಿದೆ. ಮಿನುಗದಿದ್ದರೂ ಸ್ಕ್ರೂಗಳೆಲ್ಲ ಬಿಗಿಯಾಗಿವೆ ಎಂದು ತಿಳಿಯಬಾರದು. ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್, ಇದ್ದವರು ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಬೇಕು. ಒತ್ತಿದ ಕ್ಷಣ ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ.

ಜಂತಿಯ ಹಳೆಯ ಮನೆಗಳಲ್ಲಿ ಇಲಿ ಕಡಿದ ತಂತಿಗಳನ್ನು ಅಟ್ಟದ ಮೇಲೆ ಬ್ಯಾಟರಿ ಹಿಡಿದು ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು. ಫ್ಯೂಜ್ ಹೋದಾಗಲೆಲ್ಲ ದಪ್ಪ ತಾಮ್ರದ ಎಳೆ ಸುತ್ತುವ ಜಾಣತನ ನಮ್ಮ ಕಡೆ ಇನ್ನೂ ಇದೆ, ಅದನ್ನು ನಾನು ಜಾಣತನ ಎನ್ನಲಾರೆ. ವಾಸನೆಯೋ ಹೊಗೆಯೋ ಬಂದರೆ ಮೊದಲು ಮೇನ್ ಆಫ್ ಮಾಡಬೇಕು. ನೀರು ಮಾತ್ರ ಎರಚಬಾರದು.

ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿಯ ವಿಚಾರವನ್ನು ಎಲ್ಲರೂ ಮರೆಯುತ್ತಾರೆ. ಗದಗ, ನವಲಗುಂದದ ಕಡೆಯ ಎರೆ ನೆಲ ಬೇಸಿಗೆಯಲ್ಲಿ ಒಣಗಿ ಬಿರಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಅಲ್ಲಿರುವ ನನ್ನ ತಂಗಿ ಮಾರ್ಚಿಯಿಂದ ಮಳೆ ಬರುವವರೆಗೆ, ತುಳಸಿಗೆ ನೀರು ಹಾಕಿ ಉಳಿದದ್ದನ್ನು ಆ ಗುಂಡಿಗೇ ಸುರಿಯುತ್ತಾಳೆ.