ಹಳೆ ಕ್ಯಾಮೆರಾಗಳ ಇಮೇಲ್ ಪತ್ರ: ಕಡಿಮೆ ಖರ್ಚಿನಲ್ಲಿ ನಾನು ಕಟ್ಟಿದ ಬಗೆ

ನನ್ನ ನ್ಯೂಸ್‌ಲೆಟರ್ ಇರುವುದು ಹಳೆಯ ಫಿಲ್ಮ್ ಕ್ಯಾಮೆರಾಗಳ ರಿಪೇರಿ ಬಗ್ಗೆ. ವಾರಕ್ಕೊಂದು ಇಮೇಲ್, ಅಷ್ಟೇ. ಶುರು ಮಾಡುವಾಗ ದುಡ್ಡು ಕೊಟ್ಟು ಕೊಂಡದ್ದು ಒಂದೇ, ಸ್ವಂತ ಡೊಮೈನ್ ಹೆಸರು (ಇಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು). ಉಳಿದದ್ದೆಲ್ಲ ಉಚಿತ ಪ್ಲಾನ್‌ಗಳ ಮೇಲೆ ನಡೆಯಿತು. ಈಗಲೂ ಖರ್ಚು ಜಾಸ್ತಿ ಇಲ್ಲ, ಆದಾಯ ಮಾತ್ರ ನಿಯಮಿತವಾಗಿ ಬರುತ್ತಿದೆ. ಇಂಥದ್ದೊಂದನ್ನು ಶುರು ಮಾಡಬೇಕು ಅಂದುಕೊಂಡವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ವಿಷಯವನ್ನು ಕಿರಿದು ಮಾಡಿಕೊಂಡೆ. ಸುಮ್ನೆ ‘ಫೋಟೋಗ್ರಫಿ’ ಅಂತ ಇಟ್ಟಿದ್ದರೆ ಯಾರಿಗಾಗಿ ಬರೆಯುತ್ತಿದ್ದೇನೆ ಅನ್ನುವುದೇ ನನಗೆ ಗೊತ್ತಾಗುತ್ತಿರಲಿಲ್ಲ. ಹಳೆ ಕ್ಯಾಮೆರಾವನ್ನು ಮತ್ತೆ ಬಳಕೆಗೆ ತರಬೇಕು ಅನ್ನುವವರು ಕಡಿಮೆ ಜನ. ಆದರೆ ಅವರ ಪ್ರಶ್ನೆಗಳು ಖಚಿತ. ಹಿಂದಿನ ಬಾಗಿಲ ಸುತ್ತಲಿನ ಫೋಮ್ ಕರಗಿ ಅಂಟಂಟಾಗಿದೆ, ಬದಲಿಸುವುದು ಹೇಗೆ? ಲೆನ್ಸ್ ಒಳಗೆ ಬೂಷ್ಟು ಹಿಡಿದಿದೆ, ಉಳಿಯುತ್ತದಾ? ಶಟರ್ ನಿಧಾನವಾಗಿದೆ, ಬರೀ ಎಣ್ಣೆ ಗಟ್ಟಿಯಾಗಿದೆಯಾ ಅಥವಾ ಸ್ಪ್ರಿಂಗ್ ಹೋಗಿದೆಯಾ? ಒಂದೊಂದು ಪ್ರಶ್ನೆಯೂ ಒಂದೊಂದು ಸಂಚಿಕೆ ಆಗುತ್ತದೆ. ಇಂಥ ಪ್ರಶ್ನೆಗಳನ್ನು ಬರೆದಿಡುತ್ತಾ ಹೋದೆ. ಪಟ್ಟಿ ತಾನಾಗೇ ಬೆಳೆಯಿತು. ಬೆಳೆಯದೇ ಇದ್ದಿದ್ದರೆ ವಿಷಯವನ್ನೇ ಬದಲಿಸುತ್ತಿದ್ದೆ.

ಇಮೇಲ್ ಕಳಿಸಲು ಯಾವ ಸೇವೆ ಒಳ್ಳೆಯದು ಅಂತ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಕೇಳಿಕೊಂಡದ್ದು ಒಂದೇ ಪ್ರಶ್ನೆ: ಓದುಗರ ವಿಳಾಸಗಳ ಪಟ್ಟಿಯನ್ನು ಯಾವಾಗ ಬೇಕಾದರೂ ಇಳಿಸಿಕೊಂಡು ಬೇರೆ ಕಡೆ ಹೋಗಬಹುದಾ? ಆಗುವುದಾದರೆ ಉಳಿದದ್ದನ್ನು ಆಮೇಲೆ ಸರಿ ಮಾಡಿಕೊಳ್ಳಬಹುದು. ಸಬ್‌ಸ್ಟ್ಯಾಕ್‌ನಲ್ಲಿ ಉಚಿತವಾಗಿ ಶುರು ಮಾಡಬಹುದು, ಓದುಗರಿಂದ ಚಂದಾ ಪಡೆಯಲು ಶುರು ಮಾಡಿದ ಮೇಲೆ ಅದರಲ್ಲಿ ಶೇ. 10 ಅವರಿಗೆ ಹೋಗುತ್ತದೆ. ಘೋಸ್ಟ್ ಮತ್ತು ಲಿಸ್ಟ್‌ಮಂಕ್ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಸಾಫ್ಟ್‌ವೇರ್‌ಗಳು, ಸ್ವಂತ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ನಾನು ಉಚಿತ ಪ್ಲಾನ್ ಇರುವ ಸೇವೆಯೊಂದರಲ್ಲಿ ಶುರು ಮಾಡಿ, ಪಟ್ಟಿ ದೊಡ್ಡದಾದ ಮೇಲೆ ಲಿಸ್ಟ್‌ಮಂಕ್‌ಗೆ ಬಂದೆ. ಮೇಲ್ ಹೊರಡುವುದು ಅಮೆಜಾನ್ ಎಸ್‌ಇಎಸ್ ಅನ್ನುವ ಮೇಲ್ ಕಳಿಸುವ ಸೇವೆಯ ಮೂಲಕ. ಅಲ್ಲಿ ಲೆಕ್ಕ ಕಳಿಸಿದ ಮೇಲ್‌ಗಳ ಮೇಲೆ. ಚಂದಾದಾರರು ಹೆಚ್ಚಾದರು ಅನ್ನುವ ಕಾರಣಕ್ಕೇ ದುಬಾರಿ ಪ್ಲಾನ್‌ಗೆ ಏರಬೇಕಾಗಿಲ್ಲ. ಸರ್ವರ್ ಕೆಲಸ ಇಷ್ಟವಿಲ್ಲದವರಿಗೆ ಈ ದಾರಿ ಬೇಡ. ಅದಕ್ಕೆ ಹೋಗುವ ಸಮಯವೂ ಖರ್ಚೇ ಅಲ್ವಾ.

ಇನ್ನು ಮೇಲ್ ಇನ್‌ಬಾಕ್ಸ್‌ಗೆ ತಲುಪುವ ವಿಚಾರ. ನಾನು ಜಾಸ್ತಿ ಶ್ರಮ ಹಾಕಿದ್ದು ಇಲ್ಲೇ, ಹಾಕಿದ್ದಕ್ಕೆ ಸಾರ್ಥಕವಾಗಿದೆ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ಅನ್ನುವ ಪದ್ಧತಿ 1982ರದ್ದು. ಕಳಿಸಿದವರು ನಿಜವಾಗಿ ಅವರೇನಾ ಅಂತ ನೋಡುವ ವ್ಯವಸ್ಥೆ ಅದರಲ್ಲಿ ಇರಲಿಲ್ಲ. ಆಮೇಲೆ ಅದರ ಮೇಲೆ ಮೂರು ಕಾವಲುಗಳನ್ನು ಕೂರಿಸಿದರು. ನಮ್ಮ ಡೊಮೈನ್ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅಂತ ಎಸ್‌ಪಿಎಫ್ ಹೇಳುತ್ತದೆ. ಡಿಕೆಐಎಂ ಪ್ರತಿ ಮೇಲ್‌ಗೂ ಡಿಜಿಟಲ್ ಸಹಿ ಹಾಕುತ್ತದೆ. ಇವೆರಡರಲ್ಲಿ ಒಂದೂ ಓದುಗರಿಗೆ ಕಾಣುವ ವಿಳಾಸದ ಡೊಮೈನ್‌ಗೆ ಹೊಂದದಿದ್ದರೆ ಆ ಮೇಲನ್ನು ಏನು ಮಾಡಬೇಕು ಅಂತ ಡಿಮಾರ್ಕ್ ತಿಳಿಸುತ್ತದೆ. ಮೂರೂ ಡೊಮೈನ್‌ನ ಡಿಎನ್‌ಎಸ್‌ನಲ್ಲಿ (ಡೊಮೈನ್‌ನ ವಿವರಗಳನ್ನು ಎಲ್ಲರೂ ನೋಡಬಹುದಾದ ಪಟ್ಟಿಯಲ್ಲಿ) ಸೇರಿಸುವ ದಾಖಲೆಗಳು. ಒಂದು ಮಧ್ಯಾಹ್ನದ ಕೆಲಸ, ಬೇರೆ ದುಡ್ಡಿನ ಖರ್ಚಿಲ್ಲ.

ನಾನು ಸ್ವಂತ ಡೊಮೈನ್ ಕೊಂಡದ್ದೂ ಇದಕ್ಕಾಗಿಯೇ. ಜಿಮೇಲ್ ವಿಳಾಸ ಇಟ್ಟುಕೊಂಡು ಬೇರೆ ಸೇವೆಯಿಂದ ಪತ್ರ ಕಳಿಸಿದರೆ ಅದು ಡಿಮಾರ್ಕ್ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮಗಳನ್ನು ಇನ್ನೂ ಬಿಗಿ ಮಾಡಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಈ ಮೂರೂ ಕಡ್ಡಾಯ. ಒಂದೇ ಕ್ಲಿಕ್ಕಿನಲ್ಲಿ ಅನ್‌ಸಬ್‌ಸ್ಕ್ರೈಬ್ ಆಗುವಂತಿರಬೇಕು. ಸ್ಪ್ಯಾಮ್ ಅಂತ ಬರುವ ದೂರು ಶೇ. 0.3ನ್ನು ಮುಟ್ಟಬಾರದು. ಅಂದರೆ ಸಾವಿರ ಮೇಲ್‌ಗೆ ಮೂರು ದೂರು ಬಂದರೂ ಗಡಿಗೆ ಬಂದಂತೆ. ಚಿಕ್ಕ ಪಟ್ಟಿ ಇರುವವರೂ ಮೊದಲ ದಿನದಿಂದ ಹೀಗೇ ನಡೆಯುವುದು ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೆಳೆದ ಮೇಲೆ ಕೆಟ್ಟ ಹೆಸರನ್ನು ಸರಿ ಮಾಡಿಕೊಳ್ಳುವುದು ಕಷ್ಟ.

ದೂರು ಬರದಂತೆ ನೋಡಿಕೊಳ್ಳುವುದು ಸೇರಿಸಿಕೊಳ್ಳುವ ರೀತಿಯಲ್ಲೇ ಇದೆ. ಯಾರಾದರೂ ವಿಳಾಸ ಕೊಟ್ಟರೆ ಮೊದಲು ಒಂದು ಖಚಿತಪಡಿಸುವ ಮೇಲ್ ಹೋಗುತ್ತದೆ. ಅದರಲ್ಲಿನ ಲಿಂಕ್ ಒತ್ತಿದವರು ಮಾತ್ರ ಪಟ್ಟಿಗೆ ಸೇರುತ್ತಾರೆ. ಕೆಲವರು ಒತ್ತುವುದೇ ಇಲ್ಲ, ಇರಲಿ ಬಿಡಿ. ಒತ್ತಿದವರು ನಿಜವಾಗಿ ಬೇಕು ಅಂತ ಬಂದವರು. ವಿಳಾಸಗಳ ಪಟ್ಟಿ ಮಾರುವವರು ನನಗೂ ಬರೆದಿದ್ದಾರೆ. ಅಂಥ ಪಟ್ಟಿಯಲ್ಲಿ ಇರುವವರು ಯಾರೂ ನನ್ನನ್ನು ಕೇಳಿಲ್ಲ, ಅವರ ಮನೆಬಾಗಿಲು ತಟ್ಟುವ ಹಕ್ಕು ನನಗಿಲ್ಲ.

ಎಷ್ಟು ಜನ ಮೇಲ್ ತೆರೆದರು ಅನ್ನುವ ಅಂಕಿಯನ್ನು ನಾನು ನಂಬುವುದಿಲ್ಲ. ಮೇಲ್‌ನಲ್ಲಿ ಅಡಗಿಸಿದ ಒಂದು ಪುಟ್ಟ ಚಿತ್ರ ಇಳಿಯಿತಾ ಅಂತ ನೋಡಿ ಆ ಲೆಕ್ಕ ಹಾಕುತ್ತಾರೆ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ಗೆ ತಂದ ಖಾಸಗಿತನದ ವ್ಯವಸ್ಥೆ, ಓದುಗರು ತೆರೆಯದಿದ್ದರೂ ಆ ಚಿತ್ರವನ್ನು ಮೊದಲೇ ಇಳಿಸಿಬಿಡುತ್ತದೆ. ಹಾಗಾಗಿ ಅಂಕಿ ಉಬ್ಬಿರುತ್ತದೆ. ನಾನು ನೋಡುವುದು ಉತ್ತರಗಳನ್ನು. ಪ್ರತಿ ಸಂಚಿಕೆಯ ಕೊನೆಗೆ ಒಂದು ಪ್ರಶ್ನೆ ಕೇಳುತ್ತೇನೆ, ‘ಈ ಮೇಲ್‌ಗೇ ಉತ್ತರ ಬರೆಯಿರಿ’ ಅನ್ನುತ್ತೇನೆ. ಬಂದದ್ದನ್ನೆಲ್ಲ ಓದುತ್ತೇನೆ, ಉತ್ತರಿಸುತ್ತೇನೆ.

ಒಮ್ಮೆ ಬ್ಯಾಟರಿ ಬಗ್ಗೆ ಕೇಳಿದ್ದೆ. ಎಷ್ಟೋ ಹಳೆ ಕ್ಯಾಮೆರಾಗಳ ಬೆಳಕಿನ ಮೀಟರ್ 1.35 ವೋಲ್ಟ್‌ನ ಪಾದರಸದ ಬ್ಯಾಟರಿಗೆ ಹೊಂದಿಸಿದ್ದು. ಪಾದರಸ ವಿಷ ಅಂತ ಅವುಗಳ ತಯಾರಿಕೆ ನಿಂತಿದೆ. 1.5 ವೋಲ್ಟ್‌ನ ಆಲ್ಕಲೈನ್ ಹಾಕಿದರೆ ಅನೇಕ ಮೀಟರ್‌ಗಳು ತಪ್ಪು ಅಳತೆ ತೋರಿಸುತ್ತವೆ. ಕಿವಿಯ ಯಂತ್ರಕ್ಕೆ ಬಳಸುವ ಜಿಂಕ್-ಏರ್ ಬ್ಯಾಟರಿಗೆ ಉಂಗುರ ತೊಡಿಸಿ ಕೂರಿಸುತ್ತೇನೆ ಅಂತ ಓದುಗರೊಬ್ಬರು ಫೋಟೋ ಸಹಿತ ಬರೆದರು. ಅದು ಬೇಗ ಮುಗಿಯುತ್ತದೆ ಅಂತ ಇನ್ನೊಬ್ಬರು ಎಚ್ಚರಿಸಿದರು. ಅವರ ಅನುಮತಿ ಪಡೆದು ಎಲ್ಲವನ್ನೂ ಒಂದು ಸಂಚಿಕೆ ಮಾಡಿದೆ. ಅತಿ ಹೆಚ್ಚು ಜನ ಸ್ನೇಹಿತರಿಗೆ ಕಳಿಸಿಕೊಟ್ಟ ಸಂಚಿಕೆ ಅದೇ. ಜಾಹೀರಾತಿಗೆ ಒಂದು ಕಾಸೂ ಹಾಕದೆ ಹೊಸ ಓದುಗರು ಬಂದದ್ದು ಹೀಗೆ.

ಪತ್ರದ ವಿನ್ಯಾಸ ಸರಳವಾಗಿಯೇ ಇದೆ. ಮೇಲ್‌ನ ಕೋಡ್ 102 ಕೆಬಿ ದಾಟಿದರೆ ಜಿಮೇಲ್ ಅದನ್ನು ಅರ್ಧಕ್ಕೇ ಕತ್ತರಿಸಿ ತೋರಿಸುತ್ತದೆ. ಆಗ ಕೊನೆಯಲ್ಲಿರುವ ನನ್ನ ಪ್ರಶ್ನೆ ಕಾಣುವುದೇ ಇಲ್ಲ.

ಆದಾಯಕ್ಕೆ ಎರಡು ದಾರಿ. ಪ್ರತಿ ಸಂಚಿಕೆಯಲ್ಲೂ ಒಬ್ಬರೇ ಪ್ರಾಯೋಜಕರು, ಫಿಲ್ಮ್ ತೊಳೆಯುವ ಲ್ಯಾಬ್ ಅಥವಾ ಬಿಡಿಭಾಗ ಮಾರುವವರು. ‘ಪ್ರಾಯೋಜಿತ’ ಅಂತ ಸ್ಪಷ್ಟವಾಗಿ ಬರೆದಿರುತ್ತೇನೆ. ಓದುಗರೆಲ್ಲ ಅವರಿಗೆ ಬೇಕಾದವರೇ ಆಗಿರುವುದರಿಂದ ಪಟ್ಟಿ ಚಿಕ್ಕದಿದ್ದಾಗಲೂ ಒಪ್ಪಿದರು. ಎರಡನೆಯದು ಓದುಗರ ಚಂದಾ. ವಾರದ ಪತ್ರ ಎಲ್ಲರಿಗೂ ಉಚಿತ. ಕ್ಯಾಮೆರಾ ಬಿಚ್ಚಿ ಜೋಡಿಸುವ ಹಂತಹಂತದ ಸಚಿತ್ರ ಕೈಪಿಡಿಗಳು ದುಡ್ಡು ಕೊಟ್ಟವರಿಗೆ. ಯಾವ ಮಾಡೆಲ್‌ಗೆ ಕೈಪಿಡಿ ಮಾಡಬೇಕು ಅನ್ನುವುದು ಬಂದ ಉತ್ತರಗಳಿಂದಲೇ ತಿಳಿಯುತ್ತದೆ.

ಚಂದಾ ವರ್ಷಕ್ಕೊಮ್ಮೆ ಮಾತ್ರ. ಅನೇಕ ಪಾವತಿ ಸೇವೆಗಳು ಪ್ರತಿ ಪಾವತಿಯಲ್ಲೂ ಶೇಕಡಾವಾರಿನ ಜೊತೆ ಒಂದು ನಿಗದಿತ ಮೊತ್ತವನ್ನೂ ಹಿಡಿದುಕೊಳ್ಳುತ್ತವೆ. ತಿಂಗಳು ತಿಂಗಳು ಸಣ್ಣ ಮೊತ್ತ ತೆಗೆದುಕೊಂಡರೆ ಅದರಲ್ಲೇ ಸಾಕಷ್ಟು ಹೋಗುತ್ತದೆ. ನವೀಕರಣದ ದಿನ ಬರುವ ಮುಂಚೆಯೇ ನೆನಪಿನ ಮೇಲ್ ಕಳಿಸುತ್ತೇನೆ, ರದ್ದು ಮಾಡುವ ಲಿಂಕ್ ಅದರಲ್ಲೇ ಇರುತ್ತದೆ. ಕೆಲವರು ಆಗ ಬಿಟ್ಟು ಹೋಗುತ್ತಾರೆ. ಹೋದವರಲ್ಲಿ ಬಹಳ ಜನ ಉಚಿತ ಪತ್ರವನ್ನು ಓದುತ್ತಲೇ ಇರುತ್ತಾರೆ, ಹೊಸ ಕ್ಯಾಮೆರಾ ಕೈಗೆ ಬಂದಾಗ ಮತ್ತೆ ಚಂದಾ ಕಟ್ಟುತ್ತಾರೆ.